ಮಲೆನಾಡಿನ ಮನೆಯಲ್ಲಿ ವಿಎಲ್‌ಸಿ ರೇಡಿಯೊ: ಪ್ಲೇಯರ್ ಗಟ್ಟಿ, ಪಟ್ಟಿ ಪರಾಧೀನ

ವಿಎಲ್‌ಸಿ ಎಂಬ ಉಚಿತ ಮೀಡಿಯಾ ಪ್ಲೇಯರನ್ನು ಹೆಚ್ಚಿನವರು ಸಿನಿಮಾ ನೋಡುವುದಕ್ಕೆ ಹಾಕಿಕೊಳ್ಳುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅದು ವರ್ಷಗಳಿಂದ ರೇಡಿಯೊ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಇಲ್ಲಿಗೆ ಮುಟ್ಟುತ್ತದೆ, ಆದರೆ ಗುಡುಗು ಮಿಂಚು ಶುರುವಾದರೆ ಬರೀ ಕರಕರ. ಎಫ್‌ಎಂಗೆ ಗುಡ್ಡ ಅಡ್ಡ. ಹಾಗಾಗಿ ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಕೆಲಸ ಮುಗಿಯುವ ತನಕ ಹಾಡುವುದು ಹಳೇ ಲ್ಯಾಪ್‌ಟಾಪಿನಲ್ಲಿರುವ ವಿಎಲ್‌ಸಿಯೇ.

ಪ್ಲೇಯರ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಕಂಟ್ರೋಲ್ ಜೊತೆ ಎನ್ ಒತ್ತಿ, ಸ್ಟ್ರೀಮಿನ ವಿಳಾಸ ಅಂಟಿಸಿದರೆ ಸಾಕು. ಎಂಪಿ3, ಎಎಸಿ, ಆಗ್, ಓಪಸ್‌ನಂಥ ಧ್ವನಿ ರೂಪಗಳಿರಲಿ, ಆಕಾಶವಾಣಿ ಬಳಸುವ ಎಚ್‌ಎಲ್‌ಎಸ್ ಎಂಬ ಸ್ಟ್ರೀಮಿಂಗ್ ವಿಧಾನವಿರಲಿ, ಯಾವುದಕ್ಕೂ ಬೇರೆ ಕೋಡೆಕ್ ಹುಡುಕಬೇಕಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸುಸ್ತಾದಾಗ ನೆಟ್ ಬಿಟ್ಟು ಬಿಟ್ಟು ಬರುತ್ತದಲ್ಲ, ಅದಕ್ಕೂ ಒಂದು ಉಪಾಯವಿದೆ. ಪ್ರಿಫರೆನ್ಸಸ್‌ನಲ್ಲಿ ‘ಆಲ್’ ಆರಿಸಿ, ಇನ್‌ಪುಟ್ ವಿಭಾಗದಲ್ಲಿ ನೆಟ್‌ವರ್ಕ್ ಕ್ಯಾಶಿಂಗನ್ನು 10000 ಮಿಲಿಸೆಕೆಂಡಿಗೆ ಏರಿಸಿ. ಹಾಡು ಹತ್ತು ಸೆಕೆಂಡು ತಡವಾಗಿ ಶುರುವಾಗುತ್ತದೆ, ಆದರೆ ಸಣ್ಣಪುಟ್ಟ ತಡೆ ಕಿವಿಗೆ ಬೀಳುವುದಿಲ್ಲ. ಮೊಬೈಲ್ ಡೇಟಾ ಬಳಸುವವರು 64 ಕೆಬಿಪಿಎಸ್ ಸ್ಟ್ರೀಮ್ ಸಿಕ್ಕರೆ ಅದನ್ನೇ ಹಿಡಿಯಿರಿ: ಗಂಟೆಗೆ ಸುಮಾರು 29 ಎಂಬಿ. 128 ಆದರೆ ಅದರ ಎರಡರಷ್ಟು.

ತೊಡಕಿರುವುದು ಕೇಂದ್ರ ಹುಡುಕುವಲ್ಲಿ. ಹಳೆಯ ವಿಎಲ್‌ಸಿ ಬಳಸಿದವರಿಗೆ ನೆನಪಿರಬಹುದು, ಪ್ಲೇಲಿಸ್ಟ್ ಪಕ್ಕದಲ್ಲೇ ಶೌಟ್‌ಕಾಸ್ಟ್ ಡೈರೆಕ್ಟರಿ, ಅಂದರೆ ಇಂಟರ್ನೆಟ್ ರೇಡಿಯೊ ಕೇಂದ್ರಗಳ ಪಟ್ಟಿ, ಇತ್ತು. ಯಾವುದೋ ದೇಶದ ಜಾಝ್ ಕೇಂದ್ರ ಎರಡು ಕ್ಲಿಕ್ಕಿಗೆ ಸಿಗುತ್ತಿತ್ತು. ಈಗ ಅದು ಏಕಿಲ್ಲ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ತಂತ್ರಜ್ಞಾನ ಕೈಕೊಟ್ಟದ್ದಲ್ಲ, ಲೈಸೆನ್ಸ್ ಕೂಡಿಬರಲಿಲ್ಲ. ಶೌಟ್‌ಕಾಸ್ಟ್ ಕಟ್ಟಿದ್ದು ವಿನ್‌ಆಂಪ್ ಎಂಬ ಮ್ಯೂಸಿಕ್ ಪ್ಲೇಯರ್ ಮಾಡಿದ ನಲ್‌ಸಾಫ್ಟ್; 1999ರಲ್ಲಿ ಆ ಕಂಪನಿಯನ್ನು ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಕೊಂಡಿತು. 2010ರಲ್ಲಿ ಎಒಎಲ್, ಹೊಸ ಲೈಸೆನ್ಸ್ ಒಪ್ಪಿಕೊಳ್ಳಿ, ಇಲ್ಲವೇ ಡೈರೆಕ್ಟರಿ ತೆಗೆಯಿರಿ ಎಂದಿತು. ಆ ಷರತ್ತುಗಳು ಮುಕ್ತ ತಂತ್ರಾಂಶಕ್ಕೆ ಹೊಂದುವುದಿಲ್ಲವೆಂದು ವಿಎಲ್‌ಸಿ ರೂಪಿಸುವ ವಿಡಿಯೊಲ್ಯಾನ್ ತಂಡ ಅದನ್ನು ತೆಗೆದೇಬಿಟ್ಟಿತು. ಗಮನಿಸಿ, ಹೋದದ್ದು ಪಟ್ಟಿ ಮಾತ್ರ. ಶೌಟ್‌ಕಾಸ್ಟ್ ಕೇಂದ್ರದ ವಿಳಾಸ ನಿಮ್ಮ ಹತ್ತಿರ ಇದ್ದರೆ ವಿಎಲ್‌ಸಿ ಇವತ್ತೂ ನುಡಿಸುತ್ತದೆ.

ತಂಡದ ಮೇಲೆ ಸಿಟ್ಟಾಗುವವರಿಗೆ ನನ್ನದೊಂದು ಮಾತು. ವಿಎಲ್‌ಸಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿದೆ. ಅದನ್ನು ಪಡೆದವರು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನಡುವೆ ಇನ್ನೊಬ್ಬರು ಹೊಸ ನಿರ್ಬಂಧ ತುರುಕುವಂತಿಲ್ಲ. ಇಂಥ ಆ್ಯಪ್‌ಗೆ ಮಾತ್ರ, ಇಂಥ ಷರತ್ತಿಗೆ ಒಳಪಟ್ಟು ಎಂದು ಅನುಮತಿ ಕೊಡುವ ಡೈರೆಕ್ಟರಿ ಅಲ್ಲಿ ಹೇಗೆ ಕೂರುತ್ತದೆ? ಒಪ್ಪಿಬಿಟ್ಟಿದ್ದರೆ ನಮಗೆ ಪಟ್ಟಿ ಉಳಿಯುತ್ತಿತ್ತು, ವಿಎಲ್‌ಸಿ ವಿಎಲ್‌ಸಿಯಾಗಿ ಉಳಿಯುತ್ತಿರಲಿಲ್ಲ. ಇತ್ತ ಶೌಟ್‌ಕಾಸ್ಟ್ 2014ರಲ್ಲಿ ರೇಡಿಯೊನಮಿ ಎಂಬ ಕಂಪನಿಯ ಕೈಗೆ ಹೋಯಿತು. ಪಟ್ಟಿಯ ಒಡೆಯ ಬದಲಾದ ಹಾಗೆಲ್ಲ ಷರತ್ತೂ ಬದಲಾಗಬಹುದು ಎಂಬುದು ನನ್ನ ಭಯ. ಇಂಥದ್ದೇ ಜಗಳದಲ್ಲಿ ಐಫೋನಿನ ವಿಎಲ್‌ಸಿಯೂ 2011ರ ಜನವರಿಯಲ್ಲಿ ಆ್ಯಪ್ ಸ್ಟೋರಿನಿಂದ ಹೊರಬಿದ್ದು, ಲೈಸೆನ್ಸ್ ಸರಿಮಾಡಿಕೊಂಡು 2013ರಲ್ಲಿ ಮರಳಿತು.

ಶೌಟ್‌ಕಾಸ್ಟ್ ಹೋದಮೇಲೆ ಮೆನುವಿನಲ್ಲಿ ಉಳಿದದ್ದು ಐಸ್‌ಕಾಸ್ಟ್ ಡೈರೆಕ್ಟರಿ. ಇದು ಜಿಫ್.ಆರ್ಗ್ (Xiph.Org) ಸಂಸ್ಥೆಯವರ ಮುಕ್ತ ಯೋಜನೆ, ಆದ್ದರಿಂದ ಲೈಸೆನ್ಸಿನ ತಕರಾರಿಲ್ಲ. ಆದರೆ ಕನ್ನಡ ಕೇಳುವವರಿಗೆ ಇದರಿಂದ ಸಿಗುವುದು ಅಷ್ಟಕ್ಕಷ್ಟೇ. ನನ್ನ ದಾರಿ ಬೇರೆ: ನೋಟ್‌ಪ್ಯಾಡಿನಲ್ಲಿ ಸಾಲಿಗೊಂದು ವಿಳಾಸ ಬರೆದು ಎಂ3ಯು ಎಂಬ ಪ್ಲೇಲಿಸ್ಟ್ ಕಡತವಾಗಿ ಉಳಿಸಿದ್ದೇನೆ. ಅದನ್ನೇ ಫೋನಿನ ವಿಎಲ್‌ಸಿಗೂ ಕೊಟ್ಟಿದ್ದೇನೆ, ಶಿವಮೊಗ್ಗದ ಅಕ್ಕನ ಮನೆಗೂ ಕಳಿಸಿದ್ದೇನೆ. ಕೇಂದ್ರದವರು ಸರ್ವರ್ ಬದಲಿಸಿದರೆ ವಿಳಾಸ ಸತ್ತುಹೋಗುತ್ತದೆ, ಆಗಾಗ ತಿದ್ದುತ್ತಿರಬೇಕು. ಅಪ್ಪನಂಥವರಿಗೆ ಇದು ಆಗದ ಮಾತು. ಅವರ ಫೋನಿಗೆ ರೇಡಿಯೊಡ್ರಾಯ್ಡ್ ಎಂಬ ಆ್ಯಪ್ ಹಾಕಿಕೊಟ್ಟೆ. ಅದೂ ಮುಕ್ತ ತಂತ್ರಾಂಶವೇ, ಕೇಂದ್ರಗಳನ್ನು ರೇಡಿಯೊ ಬ್ರೌಸರ್ ಎಂಬ ಸಮುದಾಯದ ಪಟ್ಟಿಯಿಂದ ತರುತ್ತದೆ. ಭಾಷೆ ಹಿಡಿದು ಹುಡುಕಬಹುದು. ಯಾರು ಬೇಕಾದರೂ ಆ ಪಟ್ಟಿಗೆ ಕೇಂದ್ರ ಸೇರಿಸಬಹುದು, ಯಾವ ಪ್ಲೇಯರ್ ಬೇಕಾದರೂ ಅದನ್ನು ಬಳಸಬಹುದು. ನಿಮ್ಮೂರಿನ ಸಮುದಾಯ ಬಾನುಲಿಗೆ ಸ್ಟ್ರೀಮ್ ಇದ್ದರೆ ದಯವಿಟ್ಟು ಸೇರಿಸಿ.

ವಿಎಲ್‌ಸಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಹೊರಗಿನ ಪಟ್ಟಿ ತರಲು ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುವ ಅನುಕೂಲ ಅದರಲ್ಲಿ ಆಗಲೇ ಇದೆ, ಗೊತ್ತಿದ್ದವರು ಬಳಸಿಕೊಳ್ಳಬಹುದು. ರೇಡಿಯೊ ಬ್ರೌಸರ್ ಮೆನುವಿಗೇ ಬಂದ ದಿನ ಉಳಿದ ಒಂದಂಕವನ್ನೂ ಕೊಡುತ್ತೇನೆ.