ಗಾಂಧಿಬಜಾರಿನ ವಿದ್ಯಾರ್ಥಿ ಭವನ: ಕಾಯುವಷ್ಟು ರುಚಿಯೆ?

1943ರಲ್ಲಿ ಆರಂಭವಾದ ಬಸವನಗುಡಿಯ ಈ ಹೋಟೆಲಿನಲ್ಲಿ ಮಸಾಲೆ ದೋಸೆಯ ಜೊತೆ ಸಾಂಬಾರು ಕೊಡುವ ಪದ್ಧತಿಯಿಲ್ಲ. ಹೊರಗೆ ಗರಿಗರಿಯಾಗಿ, ಒಳಗೆ ಮೆತ್ತಗೆ, ಕೆಂಪಗೆ ಬೆಂದ ದಪ್ಪ ದೋಸೆಯ ಮೇಲೆ ತೆಳುವಾದ ಚಟ್ನಿಯನ್ನು ಧಾರಾಳವಾಗಿ ಸುರಿಯುತ್ತಾರೆ, ನನ್ನ ಮಟ್ಟಿಗೆ ಅಷ್ಟೇ ಸಾಕು. ತುಪ್ಪ ಬೆರಳಿಗೆ ಅಂಟುವಷ್ಟಿರುತ್ತದೆ, ಪಥ್ಯದವರು ಯೋಚಿಸಿ ಹೋಗುವುದು ಲೇಸು. ಪಂಚೆಯುಟ್ಟ ಮಾಣಿಗಳು ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆಗಳನ್ನು ಪೇರಿಸಿಕೊಂಡು ಇಕ್ಕಟ್ಟಾದ ಮೇಜುಗಳ ನಡುವೆ ನುಸುಳಿ ಬರುವುದನ್ನು ನೋಡುತ್ತ, ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳನ್ನು ಗುರುತಿಸುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಸುತ್ತಲಿನ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿದ್ದು, ಗಿರಾಕಿಗಳಲ್ಲಿ ನೆರೆಹೊರೆಯವರಿಗಿಂತ ದೂರದಿಂದ ಬಂದವರೇ ಹೆಚ್ಚಾಗಿ ಕಾಣುವುದರಿಂದ, ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಹೊರಗೆ ನಿಲ್ಲಲು ಸಿದ್ಧರಾಗಿರಬೇಕು. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ವಾರದ ರಜೆ ಶುಕ್ರವಾರ.