ವೇಕ್‌ಬೋರ್ಡಿಂಗ್ ಅಲೆಗೆ ಯಾವುದು ಮೇಲು: ನೀರಿನ ಚೀಲವೋ, ವೆಡ್ಜೋ?

ಟೆಕ್ಸಸ್‌ನ ಆಸ್ಟಿನ್ ಹತ್ತಿರ ಲೇಕ್ ಟ್ರಾವಿಸ್ ಇದೆ. ಬೇಸಿಗೆ ಬಂದರೆ ನಾವು ಗೆಳೆಯರು ಅಲ್ಲಿ ವೇಕ್‌ಬೋರ್ಡಿಂಗ್ ಮಾಡುತ್ತೇವೆ. ಕಾಲಿಗೆ ಹಲಗೆ ಕಟ್ಟಿಕೊಂಡು, ಬೋಟ್ ಎಳೆಯುವ ಹಗ್ಗ ಹಿಡಿದು, ಬೋಟಿನ ಹಿಂದೆ ಏಳುವ ಅಲೆ ಹತ್ತಿ ನೆಗೆಯುವ ಆಟ ಇದು. ಖಾಲಿ ಬೋಟ್ ಓಡಿಸಿದರೆ ಅಲೆ ಚಿಕ್ಕದು. ದೊಡ್ಡದು ಮಾಡಲು ಭಾರಕ್ಕೆಂದು ಬೋಟೊಳಗೆ ಇಡುವ ನೀರಿನ ಚೀಲ, ಹಿಂದೆ ನೀರಿಗೆ ಇಳಿಸುವ ವೆಡ್ಜ್ ಅನ್ನುವ ರೆಕ್ಕೆ, ಪಕ್ಕಕ್ಕೆ ಅಂಟಿಸುವ ಶೇಪರ್ ಮೂರನ್ನೂ ಹಾಕಿ ನೋಡಿದ್ದೇನೆ. ನನ್ನ ಓಟು ಚೀಲಕ್ಕೆ.

ಬೋಟ್ ನೀರಲ್ಲಿ ಎಷ್ಟು ಮುಳುಗುತ್ತದೋ ಅಷ್ಟು ನೀರು ಪಕ್ಕಕ್ಕೆ ಸರಿಯುತ್ತದೆ, ಅಲೆ ಅಷ್ಟು ದೊಡ್ಡದಾಗುತ್ತದೆ. 340 ಲೀಟರಿನ ಚೀಲ ತುಂಬಿದರೆ 340 ಕಿಲೋ ಭಾರ. ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಬರೀ ಹಿಂದೆ ಇಟ್ಟರೆ ಅಲೆ ಕಡಿದಾಗಿ ಮೇಲಕ್ಕೆ ಎಸೆಯುತ್ತದೆ. ಸ್ವಲ್ಪ ಭಾರ ಮುಂದಕ್ಕೂ ಹೋದರೆ ಇಳಿಜಾರು ಉದ್ದವಾಗುತ್ತದೆ, ಹೊಸಬರಿಗೆ ಅದೇ ಹಿತ. ಎಡಬಲ ತೂಕ ಸಮ ಇರಬೇಕು, ಇಲ್ಲದಿದ್ದರೆ ಒಂದು ಕಡೆಯ ಅಲೆ ನೊರೆಯಾಗಿ ಒಡೆಯುತ್ತದೆ. ಡ್ರೈವರ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ದಪ್ಪಗಿನ ಗೆಳೆಯನನ್ನು ಅತ್ತಿಂದಿತ್ತ ಕೂರಿಸುವುದೂ ಇದೇ ವಿದ್ಯೆ ಅಲ್ವಾ!

ಕಿರಿಕಿರಿಯೂ ಇದೆ. ಗಂಟೆಗೆ 3,000 ಲೀಟರ್ ಎಳೆಯುವ ಪಂಪಿದ್ದರೂ ಒಂದು ಚೀಲ ತುಂಬಲು ಏಳು ನಿಮಿಷ ಬೇಕು. ಭಾರಕ್ಕೆ ಬೋಟ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಟ್ರಾವಿಸ್‌ನಲ್ಲಿ 2017ರಲ್ಲಿ ಜೀಬ್ರಾ ಮಸಲ್ ಅನ್ನುವ ಚಿಪ್ಪಿನ ಜೀವಿ ಸಿಕ್ಕಿತು. ಅದು ಬೇರೆ ಕೆರೆಗಳಿಗೆ ಹರಡಬಾರದು. ಹಾಗಾಗಿ ಹೊರಡುವ ಮುಂಚೆ ಬೋಟಿನ ನೀರೆಲ್ಲ ಖಾಲಿ ಮಾಡಲೇಬೇಕು, ಟೆಕ್ಸಸ್ ಕಾನೂನೇ ಹಾಗಿದೆ. ಪಂಪ್ ಬಿಟ್ಟ ಕೊನೆಯ ನೀರನ್ನು ಚೀಲ ಸುರುಳಿ ಸುತ್ತಿ ಹಿಂಡಬೇಕು.

ವೆಡ್ಜ್‌ಗೆ ಈ ತಲೆನೋವಿಲ್ಲ. ಬೋಟಿನ ಹಿಂದೆ ನೀರೊಳಗೆ ಇಳಿಯುವ ರೆಕ್ಕೆ ಅದು. ಮಾಲಿಬು ಕಂಪನಿಯ ಬೋಟುಗಳಿಂದ ಹೆಸರಾಯಿತು. ಓಡುವಾಗ ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಬಟನ್ ಒತ್ತಿದರೆ ಮುಗಿಯಿತು. ಆದರೆ ಎಳೆಯುವುದು ಹಿಂದೆ ಮಾತ್ರ, ಅಲೆ ಕಡಿದಾಗುತ್ತದೆಯೇ ಹೊರತು ಉದ್ದವಾಗುವುದಿಲ್ಲ. ಚೀಲದ ಜೊತೆ ಸೇರಿಸಿದಾಗಲೇ ನನಗೆ ಅದರ ಬೆಲೆ ಗೊತ್ತಾಗಿದ್ದು.

ಬೋಟಿನ ಪಕ್ಕಕ್ಕೆ ಅಂಟಿಸುವ ಶೇಪರ್ ವೇಕ್‌ಬೋರ್ಡಿಂಗ್‌ಗೆ ಸುಮ್ನೆ ದಂಡ. ಅದು ಒಂದು ಕಡೆಯ ಅಲೆಯನ್ನಷ್ಟೇ ಚೊಕ್ಕ ಮಾಡುತ್ತದೆ. ಗಂಟೆಗೆ 16–19 ಕಿ.ಮೀ. ವೇಗದಲ್ಲಿ, ಹಗ್ಗ ಬಿಟ್ಟು ಒಂದೇ ಕಡೆಯ ಅಲೆಯ ಮೇಲೆ ಜಾರುವ ವೇಕ್‌ಸರ್ಫಿಂಗ್‌ಗೆ ಅದು ಸಾಕು. ನಮಗೆ ಎರಡೂ ಕಡೆ ಬೇಕು.

ದುಡ್ಡು ಹಾಕುವ ಮುಂಚೆ ವೇಗ ಮತ್ತು ಹಗ್ಗ ಬದಲಿಸಿ ನೋಡಿ. ನಾವು 32ರಿಂದ 38 ಕಿ.ಮೀ. ನಡುವೆ ಓಡಿಸುತ್ತೇವೆ. ಅಲೆಯ ತುದಿ ನೊರೆಯಾದರೆ ವೇಗ ಸ್ವಲ್ಪ ಏರಿಸಿದಾಗ ಸರಿಹೋಗುತ್ತದೆ. ಹಗ್ಗ ಗಿಡ್ಡ ಮಾಡಿದರೆ ಎರಡು ಅಲೆಗಳ ನಡುವಿನ ಅಂತರ ಕಡಿಮೆ, ದಾಟುವುದು ಸುಲಭ. ಬೋಟಿನ ಮೇಲೆ ತೂಕದ ಮಿತಿ ಬರೆದಿರುತ್ತಲ್ಲ, ಚೀಲದ ನೀರೂ ಅದರಲ್ಲೇ ಸೇರಬೇಕು. ಅದಕ್ಕೇ ಚೀಲ ತುಂಬುವ ದಿನ ನಾವು ಜನ ಕಡಿಮೆ ಹತ್ತುತ್ತೇವೆ.