ಮೆಕ್ಕೆಜೋಳಕ್ಕೆ ಜೀವಾಣು ದ್ರಾವಣ: ಎರಡು ಹಂಗಾಮು ಬಳಸಿ ನೋಡಿದ್ದು

ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಬ್ಯಾಸಿಲಸ್, ಈ ಎರಡು ಬ್ಯಾಕ್ಟೀರಿಯಾ ಸೇರಿದ ದ್ರಾವಣ ಇದು. ಕೆಲಸ ಮಾಡುತ್ತದೆ. ಆದರೆ ಬಳಸುವ ರೀತಿ ತಪ್ಪಿದರೆ ಸುಮ್ನೆ ದುಡ್ಡು ದಂಡ.

ಮೊದಲ ಹಂಗಾಮಿನಲ್ಲಿ ನನಗೆ ಆಗಿದ್ದೇ ಅದು. ಕಳೆನಾಶಕದ ಟ್ಯಾಂಕಿಗೇ ಸುರಿದುಬಿಡಿ, ಒಂದೇ ಸಲ ಹೊಡೆದರೆ ಕೂಲಿ ಉಳಿಯುತ್ತದೆ ಅಂತ ಮಾರಿದವರು ಹೇಳಿದ್ದನ್ನು ನಂಬಿ, ಯೂರಿಯಾವನ್ನೂ ಅದರಲ್ಲೇ ಕರಗಿಸಿ ಹೊಡೆದೆ. ಹಾಕಿದ ಸಾಲಿಗೂ ಹಾಕದ ಸಾಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಬ್ಯಾಸಿಲಸ್ ಗಟ್ಟಿ ಬೀಜಾಣು ಕಟ್ಟಿಕೊಳ್ಳುತ್ತದೆ, ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಅಜೋಸ್ಪಿರಿಲಂ ಹಾಗೆ ಬೀಜಾಣು ಕಟ್ಟುವುದಿಲ್ಲ, ಅಂಥ ಟ್ಯಾಂಕಿನಲ್ಲಿ ಬದುಕುವುದು ಕಷ್ಟ. ಅದೂ ಅಲ್ಲದೆ ಎಲೆ ಮೇಲೆ ಬಿದ್ದು ಬಿಸಿಲಿಗೆ ಒಣಗಿದರೆ ಏನು ಬಂತು, ಅದು ಇರಬೇಕಾದ್ದು ಬೇರಿನ ಹತ್ತಿರ ಅಲ್ವಾ?

ಎರಡನೇ ಸಲ ದಾರಿ ಬದಲಿಸಿದೆ. ಬೀಜಕ್ಕೆ ಮೊದಲೇ ಶಿಲೀಂಧ್ರನಾಶಕ ಹಚ್ಚಿದ್ದರಿಂದ ಅದರ ಮೇಲೆ ಲೇಪಿಸದೆ, ಕ್ಲೋರಿನ್ ಇಲ್ಲದ ನೀರಿನಲ್ಲಿ ಬೆರೆಸಿ, ಸಂಜೆ ಹೊತ್ತು ತೇವ ಇರುವ ಬಿತ್ತನೆ ಸಾಲಿಗೇ ಬಿಟ್ಟೆ. ಕಳೆನಾಶಕ ಬೇರೆ ದಿನ, ಲೇಬಲ್ ಹೇಳಿದಷ್ಟೇ. ಹೊಲದಲ್ಲಿ ಹೋಲಿಸಿ ನೋಡಲು ನಾಲ್ಕು ಪಟ್ಟಿ ಮಾಡಿದ್ದೆ. ಪೂರ್ತಿ ಯೂರಿಯಾ ಕೊಟ್ಟ ಎರಡರಲ್ಲಿ ಜೀವಾಣು ಹಾಕಿದ್ದಕ್ಕೂ ಹಾಕದ್ದಕ್ಕೂ ಹೆಚ್ಚು ಕಡಿಮೆ ಒಂದೇ ಬೆಳೆ. ಯೂರಿಯಾ ಕಾಲು ಭಾಗ ಕಡಿಮೆ ಮಾಡಿದ ಎರಡರಲ್ಲಿ ಮಾತ್ರ ನಿಜವಾದ ವ್ಯತ್ಯಾಸ: ಜೀವಾಣು ಇಲ್ಲದ ಪಟ್ಟಿಯ ಕೆಳಗಿನ ಎಲೆ ಬೇಗ ಹಳದಿಯಾಯಿತು, ಇದ್ದ ಪಟ್ಟಿ ಪೂರ್ತಿ ಗೊಬ್ಬರದ ಬೆಳೆಯ ಹಾಗೇ ಹಸಿರಾಗಿ ನಿಂತಿತು. ಗಿಡ ಕಿತ್ತು ನೋಡಿದರೆ ಬೇರು ದಟ್ಟ, ಮಣ್ಣು ಜಾಸ್ತಿ ಅಂಟಿಕೊಂಡಿತ್ತು. ಅಜೋಸ್ಪಿರಿಲಂ ಗಾಳಿಯ ಸಾರಜನಕವನ್ನು ಸ್ವಲ್ಪ ಹಿಡಿದುಕೊಡುತ್ತದೆ ನಿಜ, ಆದರೆ ಅದರ ದೊಡ್ಡ ಕೆಲಸ ಬೇರು ಬೆಳೆಸುವ ಆಕ್ಸಿನ್ ಅನ್ನೋ ಹಾರ್ಮೋನ್ ಸ್ರವಿಸುವುದು. ಹಾಗಾಗಿ ಹಾಕಿದ ಗೊಬ್ಬರ ಪೋಲಾಗದೆ ಗಿಡಕ್ಕೆ ಸಿಗುತ್ತದೆ.

ಗೊಬ್ಬರ ನಿಲ್ಲಿಸಿ ಇದೊಂದನ್ನೇ ನಂಬಬೇಡಿ, ಬೆಳೆ ಸೊರಗುತ್ತದೆ. ಕೊಳ್ಳುವಾಗ ಒಂದು ಮಿಲಿಗೆ ಎಷ್ಟು ಜೀವಂತ ಜೀವಾಣು ಇದೆ, ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡಿ. ಬಿಸಿಲಲ್ಲಿ ಇಟ್ಟ ಬಾಟಲಿ ಮುಟ್ಟಲೇಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಯಾವ ಕಳೆನಾಶಕದ ಜೊತೆ ಬೆರೆಸಬಾರದು ಅಂತ ಬಾಟಲಿ ಮೇಲೆ ಒಂದು ಸಾಲು ಬರೆದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.